ಎಡಗಾಲಿನ ಅಟ್ಟೆ

ದೊಡ್ಡದು ಚಿಕ್ಕದರ ಕುತ್ತಿಗೆಯನ್ನು ಕಚ್ಚಿ ಹಿಡಿದಿತ್ತು. ಒಳಗಿನ ಮೋಟಾರು ತಿರುಗಿದಾಗಲೆಲ್ಲ ಅದರ ದವಡೆ ಒಂದು ಗೇಣು ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದಾಗಲೆಲ್ಲ ಚಿಕ್ಕದರ ಗಂಟಲಿನಿಂದ ಕೆಂಪು ನೀರು ಚಿಮ್ಮಿ ನಮ್ಮ ಕಾರಿನ ಮುಂಗಾಜಿನ ಮೇಲೆ ಬೀಳುತ್ತಿತ್ತು. ಮಗ ವೈಪರ್ ಹಾಕಿದ. ಕೆಂಪು ಎರಡು ಕಡೆಗೂ ಹರಡಿತು.

"ಅಜ್ಜಿ, ಅದು ಸಾಯಲ್ವಾ?" ಎಂದು ಗುಂಡ ಕೇಳಿದ.

"ಬೊಂಬೆ ಅದು. ಬೊಂಬೆ ಸಾಯಲ್ಲ."

"ಹಾಗಾದ್ರೆ ಇನ್ನೊಂದ್ಸಲ ಕಚ್ಚಲಿ!"

ಗುಂಡನಿಗೆ ನಾಲ್ಕು ವರ್ಷ. ಅವನ ಅಕ್ಕ ಪುಟ್ಟಿಗೆ ಏಳು. ಇಬ್ಬರೂ ನನ್ನ ಮಗಳ ಮಕ್ಕಳು. ಮಗಳು ಈಗಿಲ್ಲ. ಮಕ್ಕಳನ್ನು ಎರಡು ಪಕ್ಕಕ್ಕೆ ಕೂರಿಸಿಕೊಂಡು ನಾನು ಹಿಂದಿನ ಸೀಟಿನ ನಡುವೆ ಕುಳಿತಿದ್ದೆ. ಕಾರು ನಡೆಸುತ್ತಿದ್ದವನು ನನ್ನ ಮಗ, ಮಕ್ಕಳ ಸೋದರಮಾವ, ತೀರಿಕೊಂಡವಳ ತಮ್ಮ.

ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ಯಾರೋ ಈ ಡೈನೋಸಾರ್ ತೋಟ ಮಾಡಿದ್ದರು. ಕಾರಿನಿಂದ ಇಳಿಯುವ ಹಾಗಿಲ್ಲ. ಒಂದೇ ಒಂದು ದಾರಿ, ಎರಡು ಕಡೆಗೂ ಹಗ್ಗ, ಒಂದರ ಹಿಂದೆ ಒಂದು ಕಾರು, ಮನುಷ್ಯನ ನಡಿಗೆಗಿಂತ ನಿಧಾನ. ರೇಡಿಯೋದಲ್ಲಿ ಅವರು ಹೇಳಿದ ನಂಬರಿಗೆ ತಿರುಗಿಸಿಟ್ಟರೆ ಒಬ್ಬ ಗಂಡಸು ಗಂಭೀರವಾದ ದನಿಯಲ್ಲಿ ಯಾವುದು ಯಾವುದನ್ನು ಹೇಗೆ ಕೊಂದು ತಿನ್ನುತ್ತಿತ್ತು ಎಂದು ವಿವರಿಸುತ್ತಾನೆ. ಬಂಡೆಗಳ ಮೇಲೆ ಕಟ್ಟಿದ ಲೌಡ್‌ಸ್ಪೀಕರುಗಳಿಂದ ಗರ್ಜನೆ ಬರುತ್ತದೆ. ಒಂದು ಗರ್ಜನೆಗಂತೂ ಗುಂಡ ನನ್ನ ಮುಖವನ್ನೇ ನೋಡಿದ.

"ಅಜ್ಜಿ, ಇದು ನೀನು ಗೊರಕೆ ಹೊಡೀತೀಯಲ್ಲ, ಹಾಗೇ ಇದೆ."

"ನಿನ್ನ ತಾತ ಅದನ್ನ ಕೇಳ್ಕೊಂಡೇ ಮೂವತ್ತು ವರ್ಷ ಬದುಕಿದ್ರು. ಹೆದರಲಿಲ್ಲ," ಎಂದೆ.

ಪುಟ್ಟಿ ನಗಲಿಲ್ಲ. ತಾಯಿ ಹೋದ ಮೇಲೆ ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿಯಾಗಿದ್ದಳು. ಗಾಜಿಗೆ ಹಣೆ ಒತ್ತಿಕೊಂಡು ಅವಳು ಒಂದನ್ನೇ ಹುಡುಕುತ್ತಿದ್ದಳು. ನಾನೂ ಅದನ್ನೇ ಹುಡುಕುತ್ತಿದ್ದೆ.

ನಮ್ಮದು ಟಾರ್ಪಾಲು ಹೊಲಿಯುವ ಅಂಗಡಿ. ಲಾರಿಗಳ ಹೊದಿಕೆ, ಕಾರಿನ ಸೀಟು ಕವರು, ಡೇರೆ ಬಟ್ಟೆ. ನನ್ನ ಮಗಳು ಹೊಲಿಗೆ ಯಂತ್ರದ ಮುಂದೆಯೇ ಬೆಳೆದವಳು. ಅವಳು ಹಾಕಿದ ಹೊಲಿಗೆ ಬಟ್ಟೆ ಹರಿದರೂ ಬಿಡುತ್ತಿರಲಿಲ್ಲ. ಅವಳ ಗಂಡ ಈ ತೋಟದಲ್ಲಿ ಕೆಲಸಕ್ಕೆ ಸೇರಿದಾಗ ಇಲ್ಲಿಯವರಿಗೆ ಮನುಷ್ಯ ಒಳಹೊಕ್ಕು ನಡೆಯುವ ಒಂದು ಡೈನೋಸಾರ್ ಮರಿಯ ವೇಷ ಬೇಕಾಗಿತ್ತು. ಮಕ್ಕಳ ಕೈ ಕುಲುಕುವ ಮರಿ. ಗಂಡನ ಮೈಯಳತೆಗೆ ಅದನ್ನು ಹೊಲಿದವಳು ಅವಳೇ. ಹೊರಗೆ ಹಸಿರು ರೆಕ್ಸಿನ್, ಒಳಗೆ ಸ್ಪಂಜು, ಎಡಗಂಕುಳ ಕೆಳಗೆ ಮಡಿಕೆಯಲ್ಲಿ ಮುಚ್ಚಿದ ಜಿಪ್ಪು.

ಅಳಿಯನ ಎಡಗಾಲು ಹುಟ್ಟಿನಿಂದಲೇ ಎರಡು ಬೆರಳು ಗಿಡ್ಡ. ನನ್ನ ಮಗ ಅವನಿಗೆ 'ಒಂದೂವರೆ' ಎಂದು ಹೆಸರಿಟ್ಟಿದ್ದ. "ಒಂದೂವರೆ ಬಂದ್ರು, ಕುರ್ಚಿ ಹಾಕಿ," ಎಂದು ಎದುರಿಗೇ ಅನ್ನುತ್ತಿದ್ದ. ಮಗಳಿಗೆ ಅದು ಚುಚ್ಚುತ್ತಿತ್ತು. ವೇಷ ಹೊಲಿಯುವಾಗ ಅವಳು ನನ್ನ ಕೈಗೆ ಗಟ್ಟಿ ರಬ್ಬರಿನ ತುಂಡು ಕೊಟ್ಟು, "ಅಮ್ಮ, ಎಡಗಾಲಿಗೆ ಎರಡು ಬೆರಳು ದಪ್ಪ ಒಂದು ಅಟ್ಟೆ ಕತ್ತರಿಸಿ ಕೊಡು. ಒಳಗಡೆ ಸೇರಿಸಿ ಹೊಲೀತೀನಿ. ಇದರೊಳಗಾದ್ರೂ ಅವರು ನೆಟ್ಟಗೆ ನಡೀಲಿ. ತಮ್ಮನಿಗೆ ಹೇಳಬೇಡ, ಆಡ್ಕೊಳ್ತಾನೆ," ಎಂದಿದ್ದಳು. ಕತ್ತರಿಸಿ ಕೊಟ್ಟೆ. ಹೇಳಲಿಲ್ಲ.

ಅಂಥವಳನ್ನು ಅಳಿಯ ಹೊಡೆಯುತ್ತಿದ್ದ. ಒಂದು ದಿನ ಮೆಟ್ಟಿಲ ಮೇಲಿನಿಂದ ಒದ್ದ. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವಳ ತಲೆ ಸೋರೆಕಾಯಿಯಂತೆ ಊದಿಕೊಂಡಿತ್ತು. ಮುಖದ ಎಡ ಭಾಗ ನನ್ನ ಮಗಳದ್ದು, ಬಲ ಭಾಗ ಯಾರದ್ದೋ. ಅವಳು ಕಣ್ಣು ತೆರೆಯಲಿಲ್ಲ. ಅವನನ್ನು ಬಿಟ್ಟರೆ ಮನೆಯಲ್ಲಿ ಆಗ ಇದ್ದವರು ಅವನ ತಾಯಿ, ಪುಟ್ಟಿ ಮತ್ತು ಇನ್ನೂ ಮೂರು ತುಂಬದ ಗುಂಡ. ಪೊಲೀಸರ ಮುಂದೆ ಬೀಗಿತ್ತಿ ಎದೆಯ ಮೇಲೆ ಕೈ ಇಟ್ಟುಕೊಂಡು, "ದೇವರಾಣೆಗೂ ಜಾರಿ ಬಿದ್ದಳು. ಮೆಟ್ಟಿಲು ಒದ್ದೆ ಇತ್ತು," ಎಂದಳು. ಪುಟ್ಟಿ ಆ ಅಜ್ಜಿಯ ಸೊಂಟದ ಹಿಂದೆ ನಿಂತು, "ನಂಗೊತ್ತಿಲ್ಲ," ಎಂದಳು. ಬೇರೆ ಸಾಕ್ಷಿ ಇರಲಿಲ್ಲ. ಕೇಸು ಅಲ್ಲಿಗೇ ಮುಗಿಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಎಲ್ಲರೂ ಅಂದರು. ಆ ಹೆಂಗಸಿನ ನಾಲಿಗೆಗೆ ಹುಳ ಬೀಳಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ದಿನಾ ಬೇಡಿಕೊಂಡೆ. ಬೇರೆ ಯಾವ ಪ್ರಾರ್ಥನೆಯೂ ನನಗೆ ಬಾಯಿಗೆ ಬರುತ್ತಿರಲಿಲ್ಲ.

ಮಕ್ಕಳು ನಮ್ಮ ಮನೆಗೆ ಬಂದರು. ಅಮ್ಮ ಹೊಲಿದ ಡೈನೋಸಾರನ್ನು ನೋಡಬೇಕು ಎಂದು ಗುಂಡ ಹಟ ಹಿಡಿದ. ಮಗ ಒಂದು ದಿನ, "ಹೋಗೋಣ, ಅವನು ಈಗ ಅಲ್ಲಿಲ್ಲ, ವಿಚಾರಿಸಿದ್ದೀನಿ," ಎಂದ. ನನಗೂ ಆಸೆಯಾಯಿತು. ಅವಳ ಬಟ್ಟೆಗಳು ಪೆಟ್ಟಿಗೆಯಲ್ಲಿದ್ದವು, ಆದರೆ ಅವಳ ಕೈ ಇನ್ನೂ ಕೆಲಸ ಮಾಡುತ್ತಿರುವ ಜಾಗ ಅದೊಂದೇ ಎಂದು ತೋರಿತು.

ಗುಂಡನ ಬಿಸ್ಕತ್ತು ಕೆಳಗೆ ಬಿತ್ತು. ತೆಗೆಯಲು ಬಗ್ಗಿದೆ. ಡ್ರೈವರ್ ಸೀಟಿನ ಕೆಳಗೆ ಚಿಂದಿ ಬಟ್ಟೆಯಲ್ಲಿ ಸುತ್ತಿದ್ದ ಏನೋ ಕೈಗೆ ತಣ್ಣಗೆ ತಗುಲಿತು. ಜಾಕ್ ತಿರುಗಿಸುವ ಕಬ್ಬಿಣದ ರಾಡು. ತಲೆ ಎತ್ತಿದೆ. ಕನ್ನಡಿಯಲ್ಲಿ ಮಗನ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಡಿಕ್ಕಿಯಲ್ಲಿರೋದು ಸೀಟಿನ ಕೆಳಗೆ ಯಾಕೋ ಬಂತು?" ಎಂದೆ.

"ಟೈರು ಬಿಚ್ಚೋಕೆ."

"ಯಾರ ಟೈರು?"

"ಮಾವ, ಡೈನೋಸಾರಿಗೆ ಟೈರ್ ಇರುತ್ತಾ?" ಎಂದ ಗುಂಡ.

"ಒಂದಕ್ಕೆ ಇದೆ ಗುಂಡ. ಒಂದೂವರೆ ಟೈರು."

ಮಕ್ಕಳ ಮುಂದೆ ಹೆಸರು ಎತ್ತುವಂತಿಲ್ಲ. ಅವನು ಮಕ್ಕಳ ತಂದೆ.

"ಇಲ್ಲ ಅಂದಿದ್ದೆಯಲ್ಲೋ."

"ನಿಂಗೆ ಹಾಗಂದಿದ್ದೆ. ಸೀಟು ಕವರ್ ಹಾಕಿಸೋಕೆ ಬಂದಿದ್ದ ಗಿರಾಕಿಯ ಮಕ್ಕಳು ಹೇಳಿದ್ರು, ಮರಿ ಇನ್ನೂ ಕೈ ಕುಲುಕುತ್ತಂತೆ. ಅವನ ಅಳತೆಗೆ ಹೊಲಿದದ್ದು, ಒಳಗೆ ಇನ್ಯಾರು ಹೋಗ್ತಾರೆ?"

"ಇವರನ್ನ ಯಾಕೋ ಕರ್ಕೊಂಡು ಬಂದೆ?"

"ಗಂಡಸು ಒಬ್ನೇ ಬಂದ್ರೆ ಗೇಟಿನಲ್ಲಿ ಬಿಡಲ್ಲ ಅಮ್ಮ. ಮಕ್ಕಳಿರೋ ಕಾರಿಗೆ ಮಾತ್ರ ಒಳಗೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆ ಅಳೆಯುವವನ ದನಿ. "ನೀನು ಕಣ್ಣು ಮುಚ್ಕೊಂಡು ನಿನ್ನ ದೇವರನ್ನ ನೆನೀತಿರು. ನೀನು ತೆರೆಯೋದರೊಳಗೆ ಮುಗಿಸ್ತೀನಿ."

"ಕಾರು ತಿರುಗಿಸು."

"ಎಲ್ಲಿಗೆ ತಿರುಗಿಸ್ಲಿ? ಮುಂದೆ ನೋಡು. ಹಿಂದೆ ನೋಡು."

ಹಿಂದಿನ ಕಾರಿನಲ್ಲಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ನನಗೆ ಟಾಟಾ ಮಾಡಿಸುತ್ತಿದ್ದಳು.

"ಲೋ, ನನಗೆ ಇನ್ನು ಉಳಿದಿರೋನು ನೀನೊಬ್ಬ ಕಣೋ. ಅವಳನ್ನ ಅವನು ತಿಂದ. ನಿನ್ನನ್ನ ಜೈಲು ತಿಂದ್ರೆ ನಾನು ಈ ಎರಡನ್ನ ಕಟ್ಕೊಂಡು ಎಲ್ಲಿ ಸಾಯ್ಲಿ?"

"ಯಾರು ಯಾರನ್ನ ತಿಂದ್ರು?" ಗುಂಡನಿಗೆ ಉತ್ಸಾಹ ಬಂತು.

"ಕಂಡವರಿಲ್ಲ, ಕೇಳಿದವರಿಲ್ಲ ಅಂತ ಪೊಲೀಸ್ನೋರು ಅವನನ್ನ ಬಿಟ್ರಲ್ಲ," ಎಂದ ಮಗ. "ನನ್ನನ್ನೂ ಹಾಗೇ ಬಿಡ್ತಾರೆ. ನೀನು ಹೇಳ್ತೀಯಲ್ಲ, ಜಾರಿ ಬಿದ್ದ ಅಂತ."

ಇಷ್ಟು ಹೇಳಿ ಅವನು ನಕ್ಕ. ನಾನು ಕಾಲಿನಿಂದ ಆ ರಾಡನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ. ಅದು ಸೀಟಿನ ಕಂಬಿಗೆ ಬಡಿದು ಸದ್ದಾಯಿತು. ಅವನ ಕೈ ನನಗಿಂತ ಮೊದಲು ಕೆಳಗಿಳಿಯಿತು. ಚಿಂದಿ ಬಟ್ಟೆ ಮಾತ್ರ ನನ್ನ ಕಾಲಿಗೆ ಸಿಕ್ಕಿತು.

ಕಾರು ಕಲ್ಲುಗಣಿಯ ಕೊನೆಯ ತಿರುವು ದಾಟಿತು. ಅಲ್ಲಿ ಒಂದು ಬಯಲು. ರೇಡಿಯೋದವನ ದನಿ ಇದ್ದಕ್ಕಿದ್ದಂತೆ ಮುದ್ದಾಯಿತು. ಈಗ ಭಯವಿಲ್ಲ, ಗಾಜು ಇಳಿಸಿ, ನಮ್ಮ ಪುಟಾಣಿ ಮರಿಗೆ ಕೈ ಕೊಡಿ ಎಂದಿತು.

ಮುಂದಿನ ಕಾರಿನ ಕಿಟಕಿಯ ಬಳಿ ಅದು ನಿಂತಿತ್ತು. ಆಳೆತ್ತರ, ಹಸಿರು ಮೈ, ಪೆದ್ದು ಕಣ್ಣು, ಹಿಂದೆ ಎಳೆದಾಡುವ ಬಾಲ. ಹೆಗಲ ಮೇಲೆ ಎರಡು ಸಾಲು ಹೊಲಿಗೆ, ಕಂಕುಳ ಹತ್ತಿರ ಬಂದು ಒಂದಾಗಿ ಮತ್ತೆ ಬೇರೆಯಾಗುವ ಹೊಲಿಗೆ.

"ಅಮ್ಮ ಹೊಲಿದಿದ್ದು!" ಎಂದು ಪುಟ್ಟಿ ಕೂಗಿದಳು. ಎಷ್ಟೋ ತಿಂಗಳ ಮೇಲೆ ಅವಳ ಗಂಟಲು ಅಷ್ಟು ದೊಡ್ಡದಾಗಿ ತೆರೆದದ್ದನ್ನು ಕೇಳಿದೆ. "ಅಜ್ಜಿ, ಅಮ್ಮನ ಡೈನೋಸಾರ್!"

ಮರಿ ಮುಂದಿನ ಕಾರನ್ನು ಬಿಟ್ಟು ನಮ್ಮ ಕಡೆಗೆ ಹೊರಟಿತು. ಒಂದು ಹೆಜ್ಜೆ ಇಟ್ಟಿತು, ವಾಲಿತು. ಇನ್ನೊಂದು ಇಟ್ಟಿತು, ವಾಲಿತು.

"ಬಂದ ನೋಡು ಒಂದೂವರೆ. ಕುಂಟ್ಕೊಂಡೇ ಬಂದ," ಎಂದ ಮಗ. ಬಾಗಿಲು ತೆರೆದು ಇಳಿದ.

ಅದು ಬಲಕ್ಕೆ ವಾಲುತ್ತಿತ್ತು.

ಅಳಿಯ ಎಡಕ್ಕೆ ವಾಲಿ ನಡೆಯುವವನು. ಅದೂ ಈ ವೇಷದ ಹೊರಗೆ. ಇದರೊಳಗೆ ಅವನು ವಾಲಬಾರದು, ಅದಕ್ಕೆಂದೇ ಅಲ್ಲವೇ ಎರಡು ಬೆರಳು ದಪ್ಪದ ಅಟ್ಟೆ ಕತ್ತರಿಸಿ ಕೊಟ್ಟದ್ದು? ಎರಡೂ ಕಾಲು ಸಮನಾಗಿರುವವರು ಹೊಕ್ಕರೆ ಎಡಗಾಲು ಎತ್ತರವಾಗಿ ಮೈ ಬಲಕ್ಕೆ ಬೀಳುತ್ತದೆ. ಒಳಗಿರುವುದು ಯಾರೋ ಬೇರೆ. ನನ್ನ ಮಗನಿಗೆ ಅಟ್ಟೆಯ ಸಂಗತಿ ಗೊತ್ತಿಲ್ಲ. ಕುಂಟು ಎಂದರೆ ಅವನಿಗೆ ಕುಂಟು, ಯಾವ ಕಡೆಗೆ ಎಂದು ನೋಡುವ ಸಮಾಧಾನ ಅವನಲ್ಲಿ ಉಳಿದಿರಲಿಲ್ಲ.

"ಅವನಲ್ಲ ಕಣೋ! ಅವನಲ್ಲ!" ಎಂದು ಕಿರುಚಿದೆ. ಅದೇ ಹೊತ್ತಿಗೆ ಬಂಡೆಯ ಮೇಲಿನ ಲೌಡ್‌ಸ್ಪೀಕರು ಗರ್ಜಿಸಿತು.

ಮರಿ ಕೈ ಕುಲುಕಲು ತನ್ನ ಮೂರು ಬೆರಳಿನ ಕೈಯನ್ನು ಮುಂದಕ್ಕೆ ಚಾಚಿತು. ಮೊದಲ ಏಟು ಎಡ ಮೊಣಕಾಲಿಗೆ. ಕಾಲು ಬಾಗಬಾರದ ಕಡೆಗೆ ಬಾಗಿತು. ಮರಿ ಕುಸಿದು ಒಂದು ಕೈ ಊರಿತು. ಎರಡನೆಯದು ಆ ಕೈಗೆ. ಆಮೇಲೆ ಬೆನ್ನಿಗೆ, ಪಕ್ಕೆಗೆ, ತಲೆಗೆ. ರೆಕ್ಸಿನ್ ಮೇಲೆ ಕಬ್ಬಿಣ ಬಿದ್ದರೆ ಒದ್ದೆ ಕಂಬಳಿ ಒಗೆದ ಸದ್ದು ಬರುತ್ತದೆ. ಒಳಗಿನ ಕೂಗನ್ನೆಲ್ಲ ಸ್ಪಂಜು ಕುಡಿದುಬಿಟ್ಟಿತು.

"ಮಾವ ಫೈಟ್ ಮಾಡ್ತಿದ್ದಾನೆ! ಮಾವ, ಬಾಲಕ್ಕೆ ಹೊಡಿ, ಬಾಲಕ್ಕೆ!" ಗುಂಡ ಚಪ್ಪಾಳೆ ತಟ್ಟಿದ.

ಹಿಂದಿನ ಕಾರುಗಳು ಖುಷಿಯಿಂದ ಹಾರನ್ ಹೊಡೆದವು. ಇದೂ ಆಟದ ಒಂದು ಭಾಗವೆಂದು ಅವರು ತಿಳಿದರು. ಕಿಟಕಿಗಳಿಂದ ಫೋನು ಹಿಡಿದ ಕೈಗಳು ಹೊರಬಂದವು.

ನಾನು ಬಾಗಿಲ ಹಿಡಿಯನ್ನು ಎಳೆದೆ. ತೆರೆಯಲಿಲ್ಲ. ಮಕ್ಕಳು ಇಳಿಯದಂತೆ ಮಗ ಹಿಂದಿನ ಎರಡು ಬಾಗಿಲಿಗೂ ಲಾಕ್ ಹಾಕಿದ್ದ. ಮುಂದಿನ ಎರಡು ಸೀಟಿನ ನಡುವೆ ತಲೆ ತೂರಿಸಿದೆ. ಸೊಂಟ ಸಿಕ್ಕಿಕೊಂಡಿತು. ದೇವರೇ, ಈ ಮುದಿ ಮೂಳೆಗೆ ಒಂದು ಸಲ ದಾರಿ ಬಿಡು ಎಂದೆ. ಮೊಣಕಾಲು ಗೇರಿಗೆ ಬಡಿಯಿತು, ಎದೆ ಹಾರನ್ನಿನ ಮೇಲೆ ಬಿತ್ತು. ಅದು ಒಂದೇ ಸಮನೆ ಕೂಗುತ್ತಿರಲು ನಾನು ಡ್ರೈವರ್ ಬಾಗಿಲಿನಿಂದ ತಲೆ ಮುಂದಾಗಿ ನೆಲಕ್ಕೆ ಉರುಳಿದೆ.

ಅಷ್ಟರಲ್ಲಿ ಮರಿಯ ಒಂದು ಕಣ್ಣು ಕಿತ್ತು ಬಂದಿತ್ತು. ತಲೆಯ ಸ್ಪಂಜು ಹರಿದು ಹೊರಗೆ ಕಂಡಿತ್ತು. ಅದು ಮೊದಲು ಹಳದಿಯಾಗಿತ್ತು, ನೋಡುತ್ತಿರುವಂತೆಯೇ ಕೆಂಪಾಯಿತು. ಆದರೂ ಅದು ತೆವಳುತ್ತಿತ್ತು. ಒಂದು ಕೈಯಿಂದ ನೆಲ ಕೆರೆಯುತ್ತ ಹಗ್ಗದ ಕಡೆಗೆ ತೆವಳುತ್ತಿತ್ತು. ಮಗ ಅದರ ಬಾಲ ತುಳಿದು ನಿಲ್ಲಿಸಿ ರಾಡು ಎತ್ತಿದ.

"ಇದು ಅಕ್ಕನಿಗೆ," ಎಂದ. ಹೊಡೆದ. "ಇದೂ ಅಕ್ಕನಿಗೆ."

ನಾನು ಹೋಗಿ ಅದರ ಮೇಲೆ ಬಿದ್ದೆ. ಎತ್ತಿದ್ದ ರಾಡು ತಡೆಯಲಿಲ್ಲ. ನನ್ನ ಬಲ ಮುಂಗೈ ಮೇಲೆ ಬಿತ್ತು. ಒಣ ಕಡ್ಡಿ ಮುರಿದ ಸದ್ದು ಕೇಳಿತು. ನೋವು ಆಮೇಲೆ ಬಂತು.

"ಏಳಮ್ಮ! ಇನ್ನೂ ಅಳಿಯ ಅಂತ ಮಮಕಾರಾನಾ ನಿಂಗೆ? ಏಳು ಮೇಲೆ!"

"ಅವನಲ್ಲ ಕಣೋ ಪಾಪಿ! ಯಾವ ಕಡೆ ಕುಂಟಿತು ನೋಡಿದ್ಯೇನೋ?"

ಅವನು ನನ್ನ ಹೆಗಲು ಹಿಡಿದು ಎಳೆದ. ನಾನು ಎಡಗೈಯಿಂದ ಕಂಕುಳ ಕೆಳಗಿನ ಮಡಿಕೆಗೆ ತಡಕಿದೆ. ಜಿಪ್ಪಿನ ಕೊನೆಯಲ್ಲಿ ಮಗಳು ಸಣ್ಣ ಬಟ್ಟೆಯ ಕಿವಿ ಹೊಲಿದಿದ್ದಳು, ಕತ್ತಲಲ್ಲೂ ಸಿಗಲಿ ಎಂದು. ಸಿಕ್ಕಿತು. ಎಳೆದೆ. ಮರಿಯ ಪಕ್ಕೆ ಬಾಯಿ ಬಿಟ್ಟಿತು. ತಲೆಯನ್ನು ಹಿಂದಕ್ಕೆ ಸರಿಸಿದೆ.

ಹೆಂಗಸು. ಇಪ್ಪತ್ತೈದರ ಆಸುಪಾಸಿನವಳು. ಬೆವರಿಗೆ ಹಣೆಗಂಟಿದ ಕೂದಲು. ಬಾಯಿ ತುಂಬ ರಕ್ತ, ಕೆಳಗಿನ ದವಡೆ ಪಕ್ಕಕ್ಕೆ ಸರಿದಿತ್ತು. ಮುಖದ ಒಂದು ಭಾಗ ಆಗಲೇ ಊದಿ ಕಣ್ಣನ್ನು ಮುಚ್ಚುತ್ತಿತ್ತು. ಇನ್ನೊಂದು ಕಣ್ಣಿನಿಂದ ಅವಳು ನನ್ನನ್ನು ನೋಡಿದಳು.

"ನಾನೇನು ಮಾಡ್ದೆ?" ಎಂದಳು. ಮಾತಿನ ಜೊತೆ ಒಂದು ಹಲ್ಲು ಹೊರಬಿತ್ತು.

ಆಸ್ಪತ್ರೆಯಲ್ಲಿ ನಾನು ಕಂಡಿದ್ದ ಮುಖವೇ ಅದು. ನನ್ನ ಮಗನೂ ಆವತ್ತು ನನ್ನ ಪಕ್ಕದಲ್ಲಿ ನಿಂತು ಅದನ್ನು ಕಂಡಿದ್ದ. ರಾಡು ಅವನ ಕೈಯಿಂದ ಜಾರಿತು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ, ಥೇಟು ಆ ಮೋಟಾರಿನ ದವಡೆಯ ಹಾಗೆ.

ಕಾರುಗಳ ಹಾರನ್ ನಿಂತಿತು. ಬಾಗಿಲುಗಳು ತೆರೆದವು. ಇಷ್ಟು ಹೊತ್ತು ಫೋನು ಹಿಡಿದಿದ್ದ ಗಂಡಸರಿಗೆಲ್ಲ ಈಗ ಶೌರ್ಯ ಬಂತು. "ಹೆಣ್ಣುಮಗಳನ್ನ ಹೊಡೀತಾನೆ ಬೋಳಿಮಗ!" ಎಂದು ಒಬ್ಬ ಅವನ ಕುತ್ತಿಗೆಗೆ ಕೈ ಹಾಕಿದ. ಇನ್ನೊಬ್ಬ ಹೊಟ್ಟೆಗೆ ಒದ್ದ. ಅವನು ತಡೆಯಲಿಲ್ಲ. ಬಿದ್ದವನ ಮೇಲೆ ಬೂಟು, ಚಪ್ಪಲಿ, ಮುಷ್ಟಿ. ಒಬ್ಬ ಅವನ ಕೂದಲು ಹಿಡಿದು ಮುಖವನ್ನು ನಮ್ಮ ಕಾರಿನ ಬಾನೆಟ್ಟಿಗೆ ಬಡಿದ, ಮತ್ತೆ ಬಡಿದ. ಗಾಜಿನ ಹಿಂದೆ ಗುಂಡ ಚಪ್ಪಾಳೆಗೆ ಎತ್ತಿದ ಕೈಗಳನ್ನು ಹಾಗೇ ಹಿಡಿದುಕೊಂಡು ಕುಳಿತಿದ್ದ. ಪುಟ್ಟಿ ಅವನ ಕಣ್ಣು ಮುಚ್ಚಿದಳು. ತನ್ನ ಕಣ್ಣನ್ನು ಮುಚ್ಚಿಕೊಳ್ಳಲಿಲ್ಲ.

ನಾನು ಆ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಶಾಲನ್ನು ಅವಳ ಬಾಯಿಗೆ ಒತ್ತಿ ಹಿಡಿದು, "ದೇವರೇ, ದೇವರೇ," ಎನ್ನುತ್ತಿದ್ದೆ. ಯಾರಿಗಾಗಿ ಎಂದು ನನಗೇ ತಿಳಿಯಲಿಲ್ಲ. ಕಾವಲಿನವರು ಬಂದು ಮಗನನ್ನು ಬಿಡಿಸಿಕೊಳ್ಳುವವರೆಗೆ ಅದೊಂದೇ ಮಾತು.

ಗೇಟಿನ ಪಕ್ಕ ಅವರ ಆಫೀಸು. ತಗಡಿನ ಮಾಡು, ಒಂದು ಮೇಜು, ಗೋಡೆಗೆ ಒರಗಿಸಿಟ್ಟ ಡೈನೋಸಾರಿನ ಬಿಡಿ ಕಾಲುಗಳು. ಹುಡುಗಿಯನ್ನು ಆಂಬುಲೆನ್ಸ್ ಒಯ್ದಿತ್ತು. ಜೀವಕ್ಕೆ ಭಯವಿಲ್ಲ, ದವಡೆಯೂ ಮೊಣಕಾಲೂ ಹೋಗಿವೆ ಎಂದಿದ್ದರು. ನನ್ನ ಮುಂಗೈಗೆ ಯಾರೋ ಎರಡು ಪಟ್ಟಿ ಕಟ್ಟಿ ಕೊರಳಿಗೆ ನೇತುಹಾಕಿದ್ದರು. ಮಕ್ಕಳಿಬ್ಬರೂ ನನಗೆ ಅಂಟಿಕೊಂಡಿದ್ದರು. ಎದುರಿನ ಬೆಂಚಿನ ಮೇಲೆ ಮಗ. ಅವನ ಮೂಗು ಒಂದು ಕಡೆಗೆ ತಿರುಗಿತ್ತು. ಅವನ ಪಕ್ಕದಲ್ಲಿ ಪೊಲೀಸಿನವರು, ನಡು ವಯಸ್ಸಿನ ಮನುಷ್ಯ, ಪೆನ್ನು ತೆಗೆದುಕೊಂಡು ಕುಳಿತಿದ್ದರು.

ಮ್ಯಾನೇಜರು ಬೆವರು ಒರೆಸಿಕೊಂಡ. "ನಿಮ್ಮ ಅಳಿಯ ಆ ಗಲಾಟೆ ಆದ ಮರುದಿನದಿಂದಲೇ ಬರಲಿಲ್ಲಮ್ಮ. ಎಲ್ಲಿಗೆ ಹೋದನೋ. ಆಮೇಲೆ ಈ ಹುಡುಗಿ ಸೇರಿದ್ಲು. ವೇಷ ಹಾಕ್ಕೊಂಡ್ರೆ ಕಾಲು ಒಂಥರಾ ಆಗುತ್ತೆ, ಸಂಜೆಗೆ ಸೊಂಟ ಹಿಡ್ಕೊಳ್ಳುತ್ತೆ ಅಂತಿದ್ಲು. ನಾವೆಲ್ಲ ಕುಂಟ ಮರಿ ಅಂತ ರೇಗಿಸ್ತಿದ್ವಿ."

ನಾನು ಆ ಅಟ್ಟೆ ಕತ್ತರಿಸಿದ ನನ್ನ ಕೈಗಳನ್ನು ನೋಡಿಕೊಂಡೆ.

ಮಗ ಮುಂದಕ್ಕೆ ಬಗ್ಗಿದ. "ಅಮ್ಮ," ಎಂದು ಪಿಸುಗುಟ್ಟಿದ. ಮಾತು ಮೂಗಿನ ರಕ್ತದಲ್ಲಿ ಗೊಳಗೊಳ ಎಂದಿತು. "ಅದು ಕಾರಿನ ಮೇಲೆ ಎರಗಿತು ಅನ್ನು. ಗುಂಡನ ಕೈ ಹಿಡಿದು ಎಳೀತು, ಮಕ್ಕಳು ಕಿರುಚಿಕೊಂಡ್ರು, ನಾನು ಗಾಬರಿಯಲ್ಲಿ ಹೊಡೆದೆ ಅನ್ನು. ಅಷ್ಟೇ. ಹೊರಗಿನವರು ದೂರದಿಂದ ನೋಡಿದ್ದು. ಕಾರಿನೊಳಗಿದ್ದೋಳು ನೀನೊಬ್ಳೇ."

ಮ್ಯಾನೇಜರಿಗೂ ಅದು ಹಿಡಿಸಿತು. "ಹೌದು ಸಾರ್, ಮಕ್ಕಳು ಹೆದರೋದು ಸಹಜ. ಗಾಬರಿಯಲ್ಲಿ ಆಗಿದ್ದು. ಹಾವೂ ಸಾಯಬೇಕು, ಕೋಲೂ ಮುರೀಬಾರದು. ತೋಟ ಮುಚ್ಚಿದ್ರೆ ನಲವತ್ತು ಜನರ ಹೊಟ್ಟೆ ಮೇಲೆ ಹೊಡೆದ ಹಾಗೆ."

ಪೊಲೀಸಿನವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಕರುಣೆ ಇತ್ತು. "ಹೇಳಿ ಅಜ್ಜಿ, ಮಕ್ಕಳು ಹೆದರಿದ್ರಾ?"

ನಾನು ಬಾಯಿ ತೆರೆದೆ. ನಾಲಿಗೆಯ ತುದಿಯಲ್ಲಿ ಏನಿತ್ತು ಎಂದರೆ, ಹೌದು ಎಂಬ ಮಾತೇ ಇತ್ತು. ಒಬ್ಬ ಮಗ. ಹೆತ್ತ ಹೊಟ್ಟೆ.

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಮ್ಯಾನೇಜರು ಎತ್ತಿದ. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ, ಓಡುತ್ತ ಮಾತಾಡುವಂತಿದ್ದ ದನಿ, ನನಗೂ ಕೇಳಿಸಿತು: "ನನ್ನ ಮಗಳಿಗೆ ಏನಾಯ್ತು ಸಾರ್? ಯಾರೋ ಏನೋ ಅಂತಾರೆ, ಏನಾಯ್ತು?"

ಮ್ಯಾನೇಜರು ನಮ್ಮೆಲ್ಲರಿಗೂ ಬೆನ್ನು ತಿರುಗಿಸಿದ. "ಏನಿಲ್ಲಮ್ಮ, ಗಾಬರಿಯಾಗಬೇಡಿ. ಜಾರಿ ಬಿದ್ದಿದ್ದಾಳೆ. ಬೇಗ ಆಸ್ಪತ್ರೆಗೆ ಬನ್ನಿ."

ಆವತ್ತು ನನಗೆ ಬಂದ ಫೋನೂ ಹಾಗೇ ಇತ್ತು. ಬೀಗಿತ್ತಿಯ ದನಿ, ಅದೇ ಮಾತು, ಅದೇ ಅನುಕ್ರಮ: ಏನಿಲ್ಲ, ಗಾಬರಿಯಾಗಬೇಡಿ, ಜಾರಿ ಬಿದ್ದಿದ್ದಾಳೆ, ಬೇಗ ಬನ್ನಿ.

ಪಕ್ಕದಲ್ಲಿ ಪುಟ್ಟಿಯ ಮೈ ಸೆಟೆದುಕೊಂಡಿತು.

"ಜಾರಿ ಬೀಳಲಿಲ್ಲ," ಎಂದೆ. ಫೋನಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಎಂದೆ. "ನನ್ನ ಮಗ ಹೊಡೆದ. ಕೈ ಚಾಚಿಕೊಂಡು ಬಂದವಳನ್ನ ಹೊಡೆದ. ನನ್ನ ಅಳಿಯ ಅಂದ್ಕೊಂಡು ಹೊಡೆದ. ಮಕ್ಕಳು ಹೆದರಲಿಲ್ಲ ಸಾರ್, ನಗ್ತಾ ಇದ್ರು. ರಾಡನ್ನ ಮೊದಲೇ ಸೀಟಿನ ಕೆಳಗೆ ಇಟ್ಕೊಂಡಿದ್ದ. ನಾನು ನೋಡಿದ್ದೀನಿ."

ಪೊಲೀಸಿನವರು ಬರೆದುಕೊಂಡರು. ನಾನು ಇನ್ನೂ ಹೇಳಿದೆ, ಮೊದಲಿನಿಂದ, ಬಿಸ್ಕತ್ತು ಬಿದ್ದಲ್ಲಿಂದ. ಅಟ್ಟೆಯ ವಿಷಯವನ್ನೂ ಹೇಳಿದೆ. ಮಗ ಆಗ ಮೊದಲ ಸಲ ಅದನ್ನು ಕೇಳಿದ. ಅವನ ತಲೆ ನಿಧಾನವಾಗಿ ಕೆಳಗೆ ಹೋಯಿತು.

ಇಬ್ಬರು ಪೇದೆಗಳು ಎಬ್ಬಿಸಿಕೊಂಡು ಹೋಗುವಾಗ ಬಾಗಿಲ ಹತ್ತಿರ ಅವನು ನಿಂತ.

"ನೀನೂ ಒಬ್ಳು ತಾಯೀನಾ?" ಎಂದ. "ಆ ಮುದುಕಿ ಎಷ್ಟೋ ವಾಸಿ. ಮಗನನ್ನ ಉಳಿಸ್ಕೊಂಡ್ಲು."

ಹತ್ತಿರ ಹೋಗಿ ಅವನ ಮೂಗಿನ ರಕ್ತವನ್ನು ಪೆಟ್ಟಾಗದ ಕೈಯಿಂದ ಒರೆಸಿದೆ. ಅವನು ಮುಖ ತಿರುಗಿಸಿದ, ಆದರೆ ಒರೆಸಿ ಮುಗಿಯುವವರೆಗೆ ಕದಲಲಿಲ್ಲ. ಆಮೇಲೆ ಕರೆದುಕೊಂಡು ಹೋದರು. ಜೀಪಿನ ಬಾಗಿಲು ಹಾಕಿದ ಸದ್ದು ಕೇಳಿತು.

"ಮಾವ ಯಾವಾಗ ಬರ್ತಾನೆ?" ಎಂದ ಗುಂಡ. ಆಮೇಲೆ ನನ್ನ ಪಟ್ಟಿ ಮುಟ್ಟಿ, "ಅಮ್ಮನ ಡೈನೋಸಾರ್ ಹರಿದೋಯ್ತಲ್ಲ, ನೀನು ಹೊಲೀತೀಯಾ ಅಜ್ಜಿ?" ಎಂದ.

"ಕೈ ಸರಿಯಾಗ್ಲಿ ಕಂದ."

ಪೊಲೀಸಿನವರು ಹಾಳೆಗಳನ್ನು ಜೋಡಿಸಿ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಎದ್ದರು. ಆಗ ನನ್ನ ಶಾಲಿನ ಅಂಚು ಎಳೆದ ಹಾಗಾಯಿತು. ಅಲ್ಲಿ ಆ ಹುಡುಗಿಯ ರಕ್ತ ಒಣಗಿ ಗಟ್ಟಿಯಾಗಿತ್ತು. ಪುಟ್ಟಿ ಅದನ್ನೇ ಹಿಡಿದಿದ್ದಳು.

"ಅಜ್ಜಿ. ಅಮ್ಮನೂ ಜಾರಿ ಬೀಳಲಿಲ್ಲ."

ಎದ್ದಿದ್ದ ಪೊಲೀಸಿನವರು ಹಾಗೇ ನಿಂತರು. "ಏನಂದೆ ಪುಟ್ಟಾ?"

ಅವಳು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಹೊರಗೆ ಯಾರೂ ನಿಲ್ಲಿಸದೆ ಬಿಟ್ಟಿದ್ದ ಲೌಡ್‌ಸ್ಪೀಕರು ಖಾಲಿ ಕಲ್ಲುಗಣಿಯಲ್ಲಿ ಗರ್ಜಿಸುತ್ತಲೇ ಇತ್ತು. ನಾನು ಕಷ್ಟಪಟ್ಟು ಮಂಡಿಯೂರಿ ಅವಳ ಮುಖದ ಮಟ್ಟಕ್ಕೆ ಬಂದೆ.

"ಹೇಳು ನನ್ನವ್ವ," ಎಂದೆ. "ನಾನು ಹೇಳ್ದೆನಲ್ಲ, ಹಾಗೆ. ಕಂಡದ್ದು ಕಂಡ ಹಾಗೆ."

ಪೊಲೀಸಿನವರು ಮತ್ತೆ ಕುಳಿತುಕೊಂಡು ಪೆನ್ನು ತೆಗೆದರು.

"ಅಪ್ಪ ಮೊದಲು ಬಾಗಿಲು ಹಾಕಿದ್ರು," ಎಂದು ಅವಳು ಶುರು ಮಾಡಿದಳು.